ಚುಕ್ಕೆಯಿಲ್ಲದ ದಂತ

ಸುಗ್ಗಿಕಾಲ, ಎರಡನೆಯ ತಿಂಗಳು, ೬ನೇ ದಿನ

ಒಡೆದ ಗಡಿಗೆಯ ಚೂರುಗಳನ್ನು ಎಸೆಯದೆ ಮೂಲೆಯಲ್ಲಿ ಗುಡ್ಡೆ ಹಾಕಿದ್ದೆ. ಇವತ್ತು ಮಸಿ ಕಲಸಿಕೊಂಡು ಅವುಗಳ ಮೇಲೆ ಬರೆಯಲು ಕೂತಿದ್ದೇನೆ. ನನ್ನಪ್ಪ ಉಗ್ರಾಣದ ಗಡಿಗೆಗಳ ಮೇಲೆ ಗುರುತು ಬರೆಯುತ್ತಿದ್ದವನು, ಗಂಡುಮಕ್ಕಳಿರಲಿಲ್ಲವೆಂದು ಅಕ್ಷರವನ್ನು ನನಗೇ ಕಲಿಸಿದ. ಇಷ್ಟು ವರ್ಷಕ್ಕೆ ಅದು ಉಪಯೋಗಕ್ಕೆ ಬಂತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ.

ಯಾರೂ ಇಲ್ಲ ಎಂದರೆ ಸುಳ್ಳಾದೀತು. ವಾವಾತಿನವಳು ಇದ್ದಾಳೆ, ಆ ದಕ್ಷಿಣ ಸೀಮೆಯ ಸೊಸೆ. ಹೋದ ಸಲ ದಕ್ಷಿಣಕ್ಕೆ ಹೋದವರೆಲ್ಲ ದಂತ ತಂದರು, ಚಿರತೆಯ ಚರ್ಮ ತಂದರು. ನನ್ನ ಮಗ ಮೆಸೆನಿ ಹೆಂಡತಿಯನ್ನು ತಂದ. ಈಗ ಆ ಬಸುರಿಯನ್ನು ನನ್ನ ಕೊರಳಿಗೆ ಕಟ್ಟಿ, ಒಡೆಯರ ಕತ್ತೆಗಳ ಸಾಲಿನ ಹಿಂದೆ ಮತ್ತೆ ದಕ್ಷಿಣದ ಯಾಮ್ ನಾಡಿಗೆ ಹೋಗಿದ್ದಾನೆ. ಪಾಪ, ಅವನೇನು ಮಾಡಿಯಾನು. ಕರೆ ಬಂದರೆ ಹೋಗಲೇಬೇಕು.

ಹೋಗುವ ಮೊದಲು ಅವಳಿಗೆಂದು ಒಂದು ನೀರಾನೆ ಕೆತ್ತಿಟ್ಟು ಹೋದ. ಹೆಬ್ಬೆರಳಿನಷ್ಟಿದೆ. ನೀರಾನೆಯ ಕೋರೆಹಲ್ಲಿನದೇ ದಂತ, ಮನೆಯಲ್ಲಿ ಉಳಿದಿದ್ದ ಕಡೆಯ ತುಂಡು. ನಮ್ಮ ಅಬು ದ್ವೀಪಕ್ಕೆ ಬರುವ ಒಳ್ಳೆಯ ದಂತವೆಲ್ಲ ದೋಣಿ ಬದಲಿಸಿ ಅರಮನೆಗೆ ಹೋಗುತ್ತದೆ, ಇಲ್ಲೇ ಕೂತ ನಮಗೆ ಗರಗಸದ ಪುಡಿ. ಅವಳು ಇವತ್ತು ಅದಕ್ಕೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ ನೋಡುತ್ತಿದ್ದಳು.

“ಅತ್ತೆ, ಇದಕ್ಕೆ ಕಣ್ಣೇ ಇಲ್ವಲ್ಲ?”

“ನಿನ್ ಗಂಡ ಮರ್ತುಹೋದ ಅಂದ್ಕೊಂಡ್ಯಾ? ನೋವು ಶುರುವಾದ ದಿನ ಮನೆ ಹಿರೀಳು ನಾನು ಬೈರಿಗೆ ಹಿಡಿದು ಕಣ್ಣು ತೆರೆಸ್ತೀನಿ. ನಿನ್ ಹೆಸರು ಹೇಳ್ತೀನಿ. ಆಮೇಲೆ ಅದು ನಿನ್ನನ್ನೂ ಮಗೂನೂ ಕಾಯತ್ತೆ.”

“ಈಗ್ಲೇ ತೆರೆಸಿದ್ರೆ?”

“ಈಗ್ಲೇ ತೆರೆಸಿದ್ರೆ ಹೊಟ್ಟೇಲಿರೋದನ್ನೇ ತುಳಿಯತ್ತೆ.”

“ಬೇರೆಯವರ ಹೆಸರು ಹೇಳಿದ್ರೆ?”

“ಬೇರೆಯವರನ್ನ ಕಾಯತ್ತೆ. ಬಿಟ್ಟ ಕಣ್ಣು ಆಮೇಲೆ ಮುಚ್ಚಲ್ಲ. ನಿಮ್ ಊರಲ್ಲಿ ಇಷ್ಟೂ ಗೊತ್ತಿಲ್ವಾ?”

ಗೊತ್ತಿಲ್ಲವಂತೆ. ಅವರ ಊರಲ್ಲಿ ನೀರಾನೆಯನ್ನು ತಿನ್ನುತ್ತಾರಂತೆ, ಅಷ್ಟೇ.

ಸುಗ್ಗಿಕಾಲ, ಎರಡನೆಯ ತಿಂಗಳು, ೧೯ನೇ ದಿನ

ವಾವಾತಿನವಳು ಜವೆ ರೊಟ್ಟಿ ಮಾಡಿದಳು. ಅದರಲ್ಲಿ ಬೈರಿಗೆಯ ಮೊನೆ ಸಾಣೆ ಹಿಡಿಯಬಹುದಿತ್ತು. ಹಾಗೆಂದು ಹೇಳಿದೆ. ಅವಳು ನಕ್ಕಳು. ಬೈದರೆ ನಗುವವರನ್ನು ಏನು ಮಾಡಬೇಕು?

ಪಕ್ಕದ ಓಣಿಯ ಸೂಲಗಿತ್ತಿ ಬೆಂಜೆ ಬಂದು ಹೊಟ್ಟೆ ಮುಟ್ಟಿ ನೋಡಿದಳು. “ಖೆನುತಕ್ಕ, ಸೊಂಟ ಕಿರಿದು. ಕಷ್ಟ ಆಗತ್ತೆ. ಒಳ್ಳೆ ನೀರಾನೆ ಇದೆಯಲ್ಲ?” ಎಂದಳು. ಇದೆ ಎಂದೆ. ದಂತ ಕೆತ್ತುವವರ ಮನೆಯಲ್ಲಿ ಇಲ್ಲದೆ ಇನ್ನೆಲ್ಲಿರುತ್ತದೆ?

ಸುಗ್ಗಿಕಾಲ, ಮೂರನೆಯ ತಿಂಗಳು, ೨ನೇ ದಿನ

ದಕ್ಷಿಣದಿಂದ ಬಂದ ಮೀನುಗಾರರು ಹೊಳೆಕಟ್ಟೆಯ ಮೇಲೆ ಹೇಳುತ್ತಿದ್ದರು. ಯಾಮಿನ ದಾರಿಯ ಬಾವಿಗಳು ಬತ್ತಿವೆಯಂತೆ. ಒಡೆಯರ ಸಾಲಿನ ಮೇಲೆ ಯಾರೋ ಬಿದ್ದರಂತೆ. ಎಷ್ಟು ಜನ ಸತ್ತರು ಎಂದು ಕೇಳಿದರೆ ಒಬ್ಬ ಐದು ಎನ್ನುತ್ತಾನೆ, ಇನ್ನೊಬ್ಬ ಎಲ್ಲರೂ ಎನ್ನುತ್ತಾನೆ. ಹೆಸರು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಮನೆಗೆ ಹೇಗೆ ಬಂದೆನೋ ತಿಳಿಯದು. ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳೂ ಅಳುತ್ತಾಳೆ, ನನ್ನ ಮಗನಿಗಾಗಿ ಅಳಲು ಅವಳು ಯಾರು?

ಸುಗ್ಗಿಕಾಲ, ಮೂರನೆಯ ತಿಂಗಳು, ೪ನೇ ದಿನ

ಮಾಡಿಬಿಟ್ಟೆ.

ಅವಳು ನೀರಿಗೆ ಹೋಗಿದ್ದಳು. ನೀರಾನೆಯನ್ನು ಮೊಣಕಾಲ ನಡುವೆ ಹಿಡಿದು ಬೈರಿಗೆಯ ಬಿಲ್ಲೆಳೆದೆ. ದಂತದ ಪುಡಿ ಹಿಟ್ಟಿನಂತೆ ಬಿತ್ತು. ಒಂದು ಕಣ್ಣಿಗೆ ಮೆಸೆನಿ ಎಂದೆ, ಇನ್ನೊಂದಕ್ಕೂ ಮೆಸೆನಿ ಎಂದೆ. ಸೆರಗಿನಲ್ಲಿ ಕಟ್ಟಿಕೊಂಡು ಸತೆತ್ ಅಮ್ಮನ ಗುಡಿಗೆ ಹೋದೆ. ಹೆಸರಿನವನು ಹತ್ತಿರವಿಲ್ಲದಿದ್ದರೆ ಕೆತ್ತಿದ ಪ್ರಾಣಿಯನ್ನು ಅಮ್ಮನ ಮಡಿಲಲ್ಲಿ ಬಿಡಬೇಕು, ಅಲ್ಲಿಂದಲೇ ಅದು ಅವನಿರುವಲ್ಲಿಗೆ ನೋಡುತ್ತದೆ. ಗುಡಿ ನೋಡಿಕೊಳ್ಳುವ ಸೆತ್ಕಾ ಅದನ್ನು ಬೆಳಕಿಗೆ ಹಿಡಿದು, “ಏನ್ ಕೆಲ್ಸ ಅಕ್ಕ! ಇದನ್ನ ಕೊಡೋಕೆ ಮನಸ್ಸು ಬಂತಾ?” ಎಂದ. ಕೊಟ್ಟೆ. ಹರಕೆಯ ಕಪ್ಪೆಗಳು, ಮಂಗಗಳು, ಜೇಡಿಮಣ್ಣಿನ ಮೊಸಳೆಗಳ ರಾಶಿಯ ಮೇಲೆ ಬಿಳಿಯಾಗಿ ಕೂತಿತು.

ಸೊಸೆ ಇನ್ನೊಬ್ಬಳು ಬರುತ್ತಾಳೆ. ಮಗು ಇನ್ನೊಂದು ಆಗುತ್ತದೆ. ಮೆಸೆನಿಯನ್ನು ನಾನು ಇನ್ನೊಮ್ಮೆ ಹೆರಲಾರೆ. ಯಾರನ್ನು ಬೇಕಾದರೂ ಕೇಳಲಿ, ಯಾವ ತಾಯಿಯಾದರೂ ಇದನ್ನೇ ಮಾಡುತ್ತಾಳೆ.

ಸುಗ್ಗಿಕಾಲ, ಮೂರನೆಯ ತಿಂಗಳು, ೧೧ನೇ ದಿನ

ಎತ್ತಿನ ಮೊಣಕಾಲಿನ ಮೂಳೆ ಬೇಯಿಸಿ, ಜಿಡ್ಡು ತೆಗೆದು, ಅದೇ ಅಳತೆಯ ನೀರಾನೆ ಕೆತ್ತಿದೆ. ಕೆತ್ತುವುದು ನನ್ನ ಕೆಲಸವಲ್ಲ, ಆದರೂ ಮೂವತ್ತು ವರ್ಷ ಗಂಡನ ಕೈ ನೋಡಿದ್ದೇನೆ, ಆಮೇಲೆ ಮಗನ ಕೈ. ಚೆನ್ನಾಗಿಯೇ ಬಂದಿದೆ. ಆದರೆ ಮೂಳೆ ಮೂಳೆಯೇ. ಎಷ್ಟು ತಿಕ್ಕಿದರೂ ಮೈಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಎದುರು ಓಣಿಯವರು ಮೂಳೆಯದನ್ನು ದಂತವೆಂದು ಮಾರುತ್ತಾರೆಂದು ಅವರ ಮನೆಯ ನೀರನ್ನೂ ಕುಡಿಯದವಳು ನಾನು. ಸುಣ್ಣ, ಕೊಬ್ಬು ಕಲಸಿ ಮೆತ್ತಿ, ಮತ್ತೆ ತಿಕ್ಕಿ, ಅದೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಒದ್ದೆ ಬಟ್ಟೆ ಬೇಕಾದದ್ದು ದಂತಕ್ಕೆ, ಬಿರುಕು ಬಿಡಬಾರದೆಂದು. ಮೂಳೆಗೆ ಯಾವ ಉಪಚಾರವೂ ಬೇಕಿಲ್ಲ.

ಸುಗ್ಗಿಕಾಲ, ನಾಲ್ಕನೆಯ ತಿಂಗಳು, ೨೩ನೇ ದಿನ

ಸೆಕೆ. ಹೊಳೆಯಲ್ಲಿ ಕೆಸರಷ್ಟೇ ಉಳಿದಿದೆ. ಯೆತಮಿ, ಅದೇ ವಾವಾತಿನವಳು, ಕಾಲು ಊದಿಸಿಕೊಂಡು ಕೂತೇ ಕೆಲಸ ಮಾಡುತ್ತಾಳೆ. ಸುಮ್ಮನೆ ಕೂರಬೇಡ, ಕೆತ್ತಿಟ್ಟ ಕಪ್ಪೆಗಳನ್ನಾದರೂ ತಿಕ್ಕು ಎಂದು ಮರಳು, ನೀರು ಮುಂದಿಟ್ಟೆ. ಎರಡು ದಿನದಲ್ಲಿ ನನಗಿಂತ ನುಣುಪು ಮಾಡುತ್ತಾಳೆ. ಹೊಗಳಲಿಲ್ಲ. ಹೊಗಳಿದರೆ ಹಾಡಲು ಶುರು ಮಾಡುತ್ತಾಳೆ. ಆ ಹಾಡುಗಳೋ, ಕತ್ತೆ ದಾರಿ ತಪ್ಪಿದ ಹಾಗೆ ಎಲ್ಲೆಲ್ಲೋ ಹೋಗುತ್ತವೆ.

ಅಂಜೂರ ನಾಲ್ಕು ಉಳಿದಿದ್ದವು. ಹುಳ ಬೀಳುತ್ತಿತ್ತು, ಅದಕ್ಕೇ ಅವಳಿಗೆ ಕೊಟ್ಟೆ.

ನೆರೆಗಾಲ, ಮೊದಲನೆಯ ತಿಂಗಳು, ೭ನೇ ದಿನ

ನೀರು ಏರಿದೆ. ಊರೆಲ್ಲ ಕಟ್ಟೆಯ ಮೇಲಿತ್ತು. ಯೆತಮಿಯನ್ನು ಕರೆದುಕೊಂಡು ಹೋದೆ, ಒಬ್ಬಳೇ ಹೋದರೆ ಎಲ್ಲಾದರೂ ಜಾರುತ್ತಾಳೆ. ಮೀನು ಮಾರುವವಳು ಅವಳ ಮಾತನ್ನು ಅಣಕಿಸಿ ನಕ್ಕಳು. ನಾನು ಆ ಹೆಂಗಸಿಗೆ ಅವಳ ಮೂರು ತಲೆಮಾರು ನೆನಪಾಗುವ ಹಾಗೆ ಬೈದು ಬಂದೆ. ದೊಡ್ಡ ಮೀನು ಅವಳಾಗಿಯೇ ಕೊಟ್ಟಳು.

ದಾರಿಯಲ್ಲಿ ಹುಡುಗಿ ಕೇಳಿದಳು: “ಅತ್ತೆ, ನೀವು ನನ್ ಪರವಾಗಿ ಜಗಳ ಆಡಿದ್ರಾ?”

“ನಿನ್ ಪರವಾಗಿ ಯಾಕೆ ಆಡ್ಲಿ? ಮೀನು ಹಳೇದು ಕೊಡೋಕೆ ಬಂದಿದ್ಲು, ಅದಕ್ಕೆ.”

ನೆರೆಗಾಲ, ಎರಡನೆಯ ತಿಂಗಳು, ೩ನೇ ದಿನ

ಯೆತಮಿಗೆ ಎಂಟು ತಿಂಗಳು. ಬೆಂಜೆ ಬಂದು, ಇನ್ನು ನೀರಾನೆಯನ್ನು ಸೊಂಟಕ್ಕೆ ಕಟ್ಟಬೇಕು, ಕಣ್ಣು ಆಮೇಲೆ ತೆರೆಸಿದರಾಯಿತು ಎಂದಳು. ಕಟ್ಟಿದೆ. ಯೆತಮಿ ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ಈಗ ಅವಳಿಗೆ ತಿಕ್ಕುವವರ ಕಣ್ಣು ಬಂದಿದೆ, ಅದನ್ನು ಕಲಿಸಿದವಳೂ ನಾನೇ.

“ಅತ್ತೆ, ಇದೇನು ಚುಕ್ಕೆ ಚುಕ್ಕೆ? ಮೊದ್ಲು ಇರ್ಲಿಲ್ಲ.”

“ಮುದಿ ನೀರಾನೆ ಹಲ್ಲು. ಹಳೇ ದಂತದಲ್ಲಿ ಬರ್ತಾ ಬರ್ತಾ ಹಾಗೇ ಆಗತ್ತೆ.”

“ಹೌದಾ?” ಎಂದು ಹೆಬ್ಬೆರಳಿನಿಂದ ಅದರ ಬೆನ್ನು ಸವರಿದಳು. “ಅವರ ಕೈ ಇಲ್ಲೆಲ್ಲ ಓಡಾಡಿದೆ ಅಲ್ವಾ ಅತ್ತೆ?”

ಒಲೆ ಆರುತ್ತಿದೆ ಎಂದು ನೆಪ ಮಾಡಿ ಎದ್ದೆ.

ನೆರೆಗಾಲ, ಎರಡನೆಯ ತಿಂಗಳು, ೨೫ನೇ ದಿನ

ಕತ್ತೆಗಳ ಸಾಲು ಬಂತು. ಯಾರ ಮೇಲೂ ಯಾರೂ ಬಿದ್ದಿರಲಿಲ್ಲ. ಬಾವಿಗಳಲ್ಲಿ ನೀರಿತ್ತು. ಮೀನುಗಾರರ ಬಾಯಿಗೆ ಬೆಂಕಿ ಹಾಕ.

ನಾವಿಬ್ಬರೂ ಕಟ್ಟೆಗೆ ಓಡಿದೆವು. ಆ ಹೊಟ್ಟೆ ಹೊತ್ತು ಅವಳು ಓಡುವುದೆಂದರೆ ನಾನು ಹಿಡಿದುಕೊಂಡು ಓಡಿಸಬೇಕು. ದೋಣಿಗಳಿಂದ ಕತ್ತೆಗಳೆಲ್ಲ ಇಳಿದವು, ಮನುಷ್ಯರೆಲ್ಲ ಇಳಿದರು. ಕಡೆಗೆ ಕತ್ತೆ ಹೊಡೆಯುವ ಜೆತಿ ಒಂದು ಆನೆದಂತವನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಕಾಲ ಬಳಿ ಇಳಿಸಿದ. ಇಡೀ ದಂತ. ನನ್ನ ಗಂಡ ಜನ್ಮದಲ್ಲಿ ಅಂಥದ್ದನ್ನು ಮುಟ್ಟಿರಲಿಲ್ಲ.

“ಮೆಸೆನಿ ಕಳ್ಸಿದಾನೆ ದೊಡ್ಡವ್ವ. ನಿಮ್ಗೆ ಅಂತ.”

“ಅವನೆಲ್ಲಿ?”

ಜೆತಿ ಯೆತಮಿಯ ಹೊಟ್ಟೆ ನೋಡಿದ, ಆಮೇಲೆ ನೆಲ ನೋಡಿದ. “ಅಲ್ಲೇ ಉಳ್ಕೊಂಡ. ಯಾಮಿನ ದೊರೆ ತಂಗಿ ಮಗಳು... ಮದ್ವೆ ಆಯ್ತು. ದೊರೆಗೆ ಕೆತ್ತೋನು ಬೇಕಿತ್ತಂತೆ. ಇನ್ನು ಬರಲ್ಲ ಅಂದ.”

“ಆರೋಗ್ಯ?” ಎಂದು ಕೇಳಿದ್ದು ನಾನೇ. ನನ್ನ ಬಾಯಿ ಕೊಳೆತುಹೋಗಲಿ.

“ಅಯ್ಯೋ, ಗುಂಡುಕಲ್ಲಿನ ಹಾಗಿದಾನೆ. ಹೊಳೆ ದಾಟೋವಾಗ ನಮ್ಮವರಿಬ್ಬರನ್ನ ಮೊಸಳೆ ಎಳ್ಕೊಂಡೋಯ್ತು, ಇವನು ಮಧ್ಯದಲ್ಲೇ ಇದ್ದ, ಮುಟ್ಲಿಲ್ಲ. ಎಲ್ಲರಿಗೂ ಜ್ವರ ಬಂತು, ಇವನಿಗೆ ಬರ್ಲಿಲ್ಲ. ಅವ್ವಂಗೆ ಹೇಳು, ಮುಳ್ಳೂ ಚುಚ್ಚಿಲ್ಲ ಅಂತ ಹೇಳ್ಕಳ್ಸಿದ.”

ಜನ ನಿಂತು ನೋಡುತ್ತಿದ್ದರು. ಯೆತಮಿ ಅಳಲಿಲ್ಲ. ತನ್ನ ಮೇಲುಹೊದಿಕೆ ತೆಗೆದು ಹೊಳೆಯಲ್ಲಿ ಅದ್ದಿ, ಬಗ್ಗಲಾಗದೆ ಬಗ್ಗಿ, ದಂತಕ್ಕೆ ಸುತ್ತಿದಳು. “ಬಿಸಿಲಿಗೆ ಬಿರುಕು ಬಿಡತ್ತೆ ಅತ್ತೆ. ಮನೆಗೆ ತಗೊಂಡು ಹೋಗೋಣ,” ಎಂದಳು.

ನೆರೆಗಾಲ, ಎರಡನೆಯ ತಿಂಗಳು, ೨೬ನೇ ದಿನ

ಗುಡಿಗೆ ಹೋದೆ. ನೀರಾನೆಯನ್ನು ವಾಪಸು ಕೊಡು, ಅದರ ಕಣ್ಣಿಗೆ ಮೇಣ ತುಂಬಿ ಇನ್ನೊಂದು ಹೆಸರಿಗೆ ತೆರೆಸುತ್ತೇನೆ ಎಂದೆ. ಸೆತ್ಕಾ ನನಗೆ ಬಿಸಿಲು ಬಡಿದಿದೆಯೇ ಎಂದು ನೋಡಿದ.

“ಅಮ್ಮಂಗೆ ಕೊಟ್ಟಿದ್ದು ಅಮ್ಮಂದು. ಅದೂ ಅಲ್ದೆ ರಾಶಿ ತುಂಬಿತ್ತು ಅಂತ ಎಲ್ಲಾನೂ ನೆಲದಡಿ ಹೂತು ಮೇಲೆ ಇಟ್ಟಿಗೆ ಹಾಕ್ಸಿದೀವಿ. ನೀನು ನಿಂತಿದೀಯಲ್ಲ, ಅದ್ರ ಕೆಳಗೇ ಇದೆ.”

“ಅಗೆದು ಕೊಡು ಸೆತ್ಕಾ. ನಿನ್ ಕಾಲಿಗೆ ಬೀಳ್ತೀನಿ.”

“ಯಾರ ಹೆಸರಲ್ಲಿ ತೆರೆಸಿದ್ದೆ?”

“ಮಗನ ಹೆಸರಲ್ಲಿ.”

“ಮಗ ಚೆನ್ನಾಗಿದಾನೆ ಅಂತ ಊರೆಲ್ಲ ಹೇಳ್ತಿದೆ. ಮೊಸಳೆನೂ ಮುಟ್ಲಿಲ್ವಂತೆ. ಕೇಳಿದ್ದನ್ನ ಅಮ್ಮ ಕೊಟ್ಟಿದಾಳೆ, ಇನ್ನೇನಕ್ಕ ಬೇಕು ನಿಂಗೆ?”

ಇಟ್ಟಿಗೆಗಳ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಮನೆಗೆ ಬಂದು ದಂತದ ತುದಿ ಕೊಯ್ದೆ. ಆನೆಯದಾದರೇನು, ದಂತವೇ ತಾನೆ. ಹೊಸ ನೀರಾನೆ ಕೆತ್ತುತ್ತೇನೆ. ಹೆರಿಗೆಗೆ ಇನ್ನೂ ದಿನಗಳಿವೆ. ಯೆತಮಿ ಏನು ಮಾಡುತ್ತಿದ್ದೀರಿ ಎಂದಳು. ಮಾರಲಿಕ್ಕೆ ಎಂದೆ.

ನೆರೆಗಾಲ, ಮೂರನೆಯ ತಿಂಗಳು, ೧ನೇ ದಿನ

ಎರಡು ಕಾಲು ಮುಗಿದಿವೆ. ಮೂಳೆಯಲ್ಲಿ ಬಂದ ಕೈ ದಂತದಲ್ಲಿ ಬರುತ್ತಿಲ್ಲ. ಬೆರಳು ಕೊಯ್ದುಕೊಂಡೆ. ಹುಡುಗಿ ಬಟ್ಟೆ ಕಟ್ಟಿ, “ನಾಳೆ ಮಾಡಿ ಅತ್ತೆ, ಯಾರು ಓಡಿಸ್ಕೊಂಡು ಬರ್ತಿದಾರೆ?” ಎಂದಳು. ಅವನ ಸುದ್ದಿ ಬಂದಾಗಿನಿಂದ ಅವಳು ಹಾಡಿಲ್ಲ. ಹಾಡಿದರೆ ಏನು ಗಂಟು ಹೋಗುತ್ತದೆ? ಕತ್ತೆ ದಾರಿ ತಪ್ಪಿದ ಹಾಗಿದ್ದರೂ ಪರವಾಗಿರಲಿಲ್ಲ.

ನೆರೆಗಾಲ, ಮೂರನೆಯ ತಿಂಗಳು, ೩ನೇ ದಿನ

ಬೆಳಿಗ್ಗೆಯೇ ನೋವು. ದಿನ ತುಂಬುವ ಮೊದಲೇ.

ಬೆಂಜೆ ಹೆರಿಗೆಯ ಇಟ್ಟಿಗೆಗಳನ್ನು ಜೋಡಿಸಿ ಅವುಗಳ ಮೇಲೆ ಹುಡುಗಿಯನ್ನು ಕೂರಿಸಿದಳು. “ಬೇಗ ಕಣ್ಣು ತೆರೆಸಿ ಖೆನುತಕ್ಕ!” ಎಂದು ಕೂಗಿದಳು. ನನ್ನ ಬಳಿ ಇದ್ದದ್ದು ಎರಡು ಕಾಲಿನ, ಮುಖವಿಲ್ಲದ ದಂತದ ತುಂಡು. ಮುಖವಿಲ್ಲದೆ ಕಣ್ಣೆಲ್ಲಿ ಕೊರೆಯಲಿ? ಅವಳ ಸೊಂಟಕ್ಕೆ ಕಟ್ಟಿದ್ದ ಮೂಳೆಯ ನೀರಾನೆಯನ್ನೇ ಹಿಡಿದು, ಬಿಲ್ಲೆಳೆದು, ಯೆತಮಿ ಎಂದೆ. ಮತ್ತೆ ಯೆತಮಿ ಎಂದೆ. ಅವಳು ಆ ನೋವಿನಲ್ಲೂ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಎಲ್ಲ ಸರಿಹೋಯಿತು ಎನ್ನುವ ಹಾಗೆ.

ಮಧ್ಯಾಹ್ನ ದಾಟಿತು. ಗಂಡು. ಬೆಂಜೆ ಬೆನ್ನು ತಟ್ಟಿದಳು, ಬಾಯಿಗೆ ಊದಿದಳು, ತಣ್ಣೀರು ಎರಚಿದಳು. ಅಳಲಿಲ್ಲ. ಮೂಗು ನಮ್ಮ ಮನೆಯದೇ.

ನೆರೆಗಾಲ, ಮೂರನೆಯ ತಿಂಗಳು, ೪ನೇ ದಿನ

ಕಾಯದೆ ಹೋದ ನೀರಾನೆಯನ್ನು ಒಡೆಯಬೇಕು. ತಾಯಿಯೇ ಕಲ್ಲಿನಿಂದ ಅದರ ಕಾಲು ಮುರಿದು, ಕೆತ್ತಿದವನ ಹೆಸರು ಹಿಡಿದು ಶಪಿಸಿ, ಹೊಳೆಗೆ ಎಸೆಯಬೇಕು. ಬೆಂಜೆ ಕಲ್ಲು ತಂದುಕೊಟ್ಟಳು.

ಯೆತಮಿ ಕಲ್ಲನ್ನು ಪಕ್ಕಕ್ಕಿಟ್ಟಳು. ಗಡಿಗೆಯಲ್ಲಿ ಮಲಗಿಸಿದ್ದ ಮಗುವಿನ ಮುಷ್ಟಿ ಬಿಡಿಸಿ ಆ ನೀರಾನೆಯನ್ನು ಒಳಗಿಟ್ಟು ಮತ್ತೆ ಮುಚ್ಚಿದಳು.

“ಬೇಡ ಮಗಾ, ಅದು ಕೆಟ್ಟದ್ದು,” ಎಂದಳು ಬೆಂಜೆ.

“ಅವರಪ್ಪ ಮಾಡಿದ್ದು. ಅವನ ಹತ್ರ ಅಪ್ಪಂದು ಅಂತ ಇನ್ನೇನಿದೆ? ಇಟ್ಕೊಳ್ಲಿ.”

ಗಡಿಗೆ ಮುಚ್ಚಿ ಹಿತ್ತಿಲಲ್ಲಿ ಹೂತೆವು.

ನೆರೆಗಾಲ, ಮೂರನೆಯ ತಿಂಗಳು, ೧೨ನೇ ದಿನ

ಮಗಳು ಯೆತಮಿಗೆ ಹೆರಿಗೆಯ ಜ್ವರ ಬಿಟ್ಟಿದೆ. ಗಂಜಿ ಕುಡಿದಳು.

ನೆರೆಗಾಲ, ನಾಲ್ಕನೆಯ ತಿಂಗಳು, ೫ನೇ ದಿನ

ಎದ್ದು ಓಡಾಡುತ್ತಾಳೆ. ಇವತ್ತು ನಾನು ಬಿಟ್ಟಿದ್ದ ಎರಡು ಕಾಲಿನ ದಂತದ ತುಂಡನ್ನು ಕೈಗೆತ್ತಿಕೊಂಡು ಕೆತ್ತಲು ಕೂತಳು. ಹೊರಗಿನವರು ಉಳಿ ಮುಟ್ಟಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹೊರಗಿನವರು ಇಲ್ಲಿ ಯಾರಿದ್ದಾರೆ? ಕೆತ್ತಲಿ. ಈ ಮನೆ, ಈ ಬೈರಿಗೆ ಎಲ್ಲ ಅವಳಿಗೇ ಎಂದು ಹೇಳಬೇಕೆಂದುಕೊಂಡಿದ್ದೇನೆ. ಸಮಯ ನೋಡಿ ಹೇಳುತ್ತೇನೆ.

ನೆರೆಗಾಲ, ನಾಲ್ಕನೆಯ ತಿಂಗಳು, ೧೪ನೇ ದಿನ

ಕೆಲಸದ ನಡುವೆ ತಲೆಯೆತ್ತದೆ ಕೇಳಿದಳು:

“ಅತ್ತೆ, ಇದ್ರಲ್ಲಿ ಒಂದೂ ಚುಕ್ಕೆ ಇಲ್ಲ.”

“ಇಲ್ಲ.”

“ಪೆಟ್ಟಿಗೇಲಿ ನಿಮ್ ಅತ್ತೆ ಕಾಲದ್ದು, ನೀರಾನೆ ಹಲ್ಲಿನ ಕಪ್ಪೆ ಒಂದಿದೆಯಲ್ಲ, ಅದನ್ನೂ ನೋಡ್ದೆ. ಅಷ್ಟು ಹಳೇದು, ಅದ್ರಲ್ಲೂ ಇಲ್ಲ.”

ನಾನು ಮರಳು ಜರಡಿ ಹಿಡಿಯುತ್ತಿದ್ದೆ.

“ಹಳೇ ದಂತದಲ್ಲೂ ಚುಕ್ಕೆ ಬರಲ್ಲ ಅಲ್ವಾ?”

ಸುಳ್ಳು ಹೇಳಬಹುದಿತ್ತು. ಇಷ್ಟು ದಿನ ಹೇಳಿದವಳಿಗೆ ಇನ್ನೊಂದೇನು ಭಾರವೇ?

“ಬರಲ್ಲ,” ಎಂದೆ.

“ಅವರು ಕೆತ್ತಿದ್ದು ಎಲ್ಲಿ?”

“ಗುಡೀಲಿ. ಅವನ ಹೆಸರಲ್ಲಿ ಕಣ್ಣು ತೆರೆಸಿ ಕೊಟ್ಟೆ. ನಿಂಗೆ ಕಟ್ಟಿದ್ದು ಎತ್ತಿನ ಮೂಳೆ.”

ಅವಳು ಬಹಳ ಹೊತ್ತು ಕೈಯಲ್ಲಿದ್ದದ್ದನ್ನು ನೋಡಿದಳು. ಆಮೇಲೆ ಹಿತ್ತಿಲ ಕಡೆ ನೋಡಿದಳು. ಆಮೇಲೆ ಮತ್ತೆ ಕೆತ್ತಲು ಶುರು ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಜರಡಿಯಲ್ಲಿದ್ದ ಮರಳನ್ನು ನನ್ನ ಮುಖಕ್ಕೆ ಎರಚಿದ್ದರೂ ಚೆನ್ನಾಗಿತ್ತು.

ನೆರೆಗಾಲ, ನಾಲ್ಕನೆಯ ತಿಂಗಳು, ೨೦ನೇ ದಿನ

ನೀರಾನೆ ಮುಗಿಯಿತು. ಅವನು ಕೆತ್ತಿದ್ದಕ್ಕಿಂತ ಚೆನ್ನಾಗಿದೆ, ಇದನ್ನು ಯಾರ ಎದುರಾದರೂ ಹೇಳುತ್ತೇನೆ.

ಬೈರಿಗೆಯನ್ನು ನನಗೆ ಕೊಡಲಿಲ್ಲ. ತಾನೇ ಮೊಣಕಾಲ ನಡುವೆ ಹಿಡಿದು ಬಿಲ್ಲೆಳೆದಳು. ಎಡಗಣ್ಣಿಗೆ ಖೆನುತ್ ಎಂದಳು. ಬಲಗಣ್ಣಿಗೂ ಖೆನುತ್ ಎಂದಳು. ಅಲ್ಲಿಯವರೆಗೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿರಲಿಲ್ಲ. ದಾರ ಪೋಣಿಸಿ ನನ್ನ ಕೊರಳಿಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದಳು.

“ನನಗ್ಯಾಕೆ?” ಎಂದೆ.

“ನೀವು ತುಂಬ ವರ್ಷ ಬದುಕ್ಬೇಕು ಅತ್ತೆ. ಈ ಮನೇಲಿ, ಒಬ್ಬರೇ. ಹಿತ್ತಿಲಲ್ಲಿ ಅವನಿದಾನೆ, ನೋಡ್ಕೊಂಡು ಬದುಕ್ಬೇಕು. ಇದು ಮೂಳೆ ಅಲ್ಲ. ಇದು ಕಾಯತ್ತೆ.”

ಅವಳ ಊರಿನ ದೋಣಿ ಕಟ್ಟೆಯಲ್ಲಿತ್ತು. ತನ್ನ ಬಟ್ಟೆಬರೆಯ ಗಂಟನ್ನು ಆಗಲೇ ಕಟ್ಟಿಟ್ಟಿದ್ದಳು. ಅಂಜೂರ ಕಟ್ಟಿಕೊಟ್ಟೆ, ತೆಗೆದುಕೊಳ್ಳಲಿಲ್ಲ. ಮನೆ, ಬೈರಿಗೆ ಎಲ್ಲ ನಿನ್ನದೇ ಮಗಾ ಎಂದು ದೋಣಿಯವರೆಗೂ ಹೇಳುತ್ತಾ ಹೋದೆ. ಅವಳು ತಿರುಗಲಿಲ್ಲ.

ಮೊಳಕೆಗಾಲ, ಎರಡನೆಯ ತಿಂಗಳು, ೯ನೇ ದಿನ

ಓಣಿಯಲ್ಲೆಲ್ಲ ಜ್ವರ. ಬೆಂಜೆ ಹೋದಳು. ಗುಡಿಯ ಸೆತ್ಕಾ ಹೋದ. ಎಡಮನೆಯಲ್ಲಿ ಇಬ್ಬರು, ಬಲಮನೆಯಲ್ಲಿ ಒಬ್ಬ. ಅವರೆಲ್ಲರಿಗೂ ನೀರು ಕೊಟ್ಟವಳು ನಾನೇ, ಮೈ ಒರೆಸಿದವಳು ನಾನೇ. ನನಗೆ ಒಂದು ಸೀನೂ ಬಂದಿಲ್ಲ. ನಿನ್ನೆ ಕಟ್ಟೆಯ ಮೆಟ್ಟಿಲಿನಲ್ಲಿ ಜಾರಿ ಕೆಳಗಿನವರೆಗೂ ಉರುಳಿದೆ. ಮೈ ತರಚಿಲ್ಲ.

ಇವತ್ತು ಕೊರಳ ದಾರದ ಗಂಟು ಬಿಚ್ಚಲು ನೋಡಿದೆ. ಬಿಚ್ಚಿ ಏನು ಮಾಡಲಿ? ಬಿಟ್ಟ ಕಣ್ಣು ಮುಚ್ಚುವುದಿಲ್ಲ. ಬಾಗಿಲ ಬಳಿ ಹೋಗಿ ನೀರಾನೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಳ್ಳೆಯ ದಂತ. ಒಂದು ಚುಕ್ಕೆಯೂ ಇಲ್ಲ.